ರಾಶಿಗಲ್ಲಿನ ಅನ್ನಲಿಂಗೇಶ್ವರನು ಬಾಗಿಲಿಕ್ಕಿಕೊಂಡ ಬಗೆ

ಶಂಖಿನೀ ನದಿಯ ದಕ್ಷಿಣತಟದಲ್ಲಿ ಧನಧಾನ್ಯಸಮೃದ್ಧವೂ ದೇವಾಲಯಶೋಭಿತವೂ ಆಗಿ ಮೆರೆಯುತ್ತಿದ್ದ ಸಿರಿವೂರೆಂಬ ರಾಜ್ಯವನ್ನು ಪುರಾತನಕಾಲದಲ್ಲಿ ಚಿತ್ತರಸನೆಂಬ ಪರಮಶಿವಭಕ್ತನು ಆಳುತ್ತಿದ್ದನು. ಪರಮಭಕ್ತ ಎಂದೆನಲ್ಲ, ಅದರಲ್ಲಿ ಸಂದೇಹ ಬೇಡ. ಈ ಕಥೆಯ ಸಂಕಟವೇ ಅದು.

ಆ ರಾಜ್ಯದಲ್ಲಿ ಯುಗಾದಿಯಂದು ಪಂಚಾಂಗಶ್ರವಣ ಮುಗಿದೊಡನೆ, ಅನ್ನಲಿಂಗೇಶ್ವರನ ಗುಡಿಯ ಮುಂದಣ ಬಂಡೆಯ ಮೇಲೆ ರಾಜಭಂಡಾರದ ಭತ್ತವನ್ನೆಲ್ಲ ತಂದು ಸುರಿದು, ವರ್ಷವಿಡೀ ಯಾರಿಗೆ ಎಷ್ಟೆಂಬುದನ್ನು ಅರಸನ ಸಮಕ್ಷಮದಲ್ಲಿ ಕೊಳಗದಿಂದ ಅಳೆದು ಬೇರೆಬೇರೆ ರಾಶಿ ಹಾಕುವುದು ಪದ್ಧತಿಯಾಗಿತ್ತು. ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುವರಷ್ಟೆ. ಆ ಲಾಭದ ಕೊಳಗವು ದಿಕ್ಕಿಲ್ಲದವರ ರಾಶಿಗೇ ಬೀಳಬೇಕು, ಆ ರಾಶಿ ತುಂಬಿದ ಮೇಲೆಯೇ ಆನೆ, ಕುದುರೆ, ಕಾಲಾಳು, ಅರಮನೆ, ಕಡೆಗೆ ಗುಡಿ ಎಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಆ ಮೊದಲ ರಾಶಿಯಿಂದಲೇ ಕಾಚವ್ವೆಯೆಂಬ ಶಿವಭಕ್ತೆಯು ಊರಾಚೆಯ ಚಪ್ಪರದಲ್ಲಿ ವಿಧವೆಯರು, ಕುರುಡರು, ಕೈಕಾಲಿಲ್ಲದವರು, ಎಳೆಯ ಮಕ್ಕಳು, ಹೀಗೆ ಮುನ್ನೂರು ಜನಕ್ಕೆ ದಿನಕ್ಕೊಂದು ಹೊತ್ತು ಗಂಜಿ ಎರೆಯುತ್ತಿದ್ದಳು.

ಚಿತ್ತರಸನು ಪಟ್ಟಕ್ಕೆ ಬಂದ ಕೆಲವು ವರ್ಷಗಳಲ್ಲಿ, ದೇವಾಲಯದ ಗುರುಗಳಾದ ಲೋಕಾಭರಣ ಪಂಡಿತರು, ಜಗದೊಡೆಯನಿಗೆ ಕಡೆಯ ಪಾಲೇ ಎಂದು ಕಣ್ಣೀರು ತುಂಬಿ ಕೇಳಲು, ಅರಸನು ಕರಗಿಹೋಗಿ, ಇನ್ನು ಮುಂದೆ ಲಾಭದ ಕೊಳಗವು ದೇವರ ರಾಶಿಗೆ ಬೀಳಲಿ, ಸ್ವಾಮಿಗೆ ಗೋಪುರವೇಳಲಿ, ಮಿಕ್ಕವರ ಪಾಲು ತೆಗೆದು ಉಳಿದದ್ದು ದಿಕ್ಕಿಲ್ಲದವರಿಗೆ ಆಗಲಿ ಎಂದು ಅಪ್ಪಣೆಯಿತ್ತನು. ಭಕ್ತಿ ಹೆಚ್ಚಾದರೆ ಬುದ್ಧಿ ಮಂಕಾಗುತ್ತದೆ ಎಂದರೆ ನನ್ನ ಮೇಲೆ ಸಿಟ್ಟಾಗುವವರುಂಟು, ಆಗಲಿ. ಕಡೆಯವರ ಪಾಲಿಗೆ ಏನಾದರೂ ಉಳಿದದ್ದನ್ನು ಕಂಡವರಿದ್ದಾರೆಯೇ? ಆ ವರ್ಷ ಉಳಿದದ್ದು ಮೂರು ಕೊಳಗ ಜೊಳ್ಳು.

ಕಾಚವ್ವೆ ಅರಸನ ಮುಂದೆ ನಿಂತಳು. “ಬುದ್ಧೀ, ನನಗೆ ಹೊಸದೇನೂ ಬೇಡ. ಅಳೆಯುವುದನ್ನು ಮೊದಲಿನ ಹಾಗೆ ನಮ್ಮ ಕಡೆಯಿಂದ ಶುರುಮಾಡಿಸಿ, ಸಾಕು” ಎಂದಳು. ಬರುವ ಯುಗಾದಿಗೆ ನೋಡೋಣ ತಾಯಿ, ಎಂದನು ಅರಸ. ಆ ಯುಗಾದಿ ಬಂದಾಗ ಆನೆಗಳು ಹೆಚ್ಚಾಗಿದ್ದವು, ಪಂಡಿತಮಂಡಳಿಯು ಈ ವಿಷಯವನ್ನು ಇನ್ನೂ ಆಲೋಚಿಸುತ್ತಿದೆಯೆಂದು ಅರಮನೆಯಿಂದ ಹೇಳಿ ಕಳುಹಿಸಿದರು. ಆಗ ಆಕೆ ಲೋಕಾಭರಣ ಪಂಡಿತರ ಕಾಲು ಹಿಡಿದು, “ಸ್ವಾಮೀ, ದೇವರ ಹೆಸರಿನಲ್ಲಿ ತೆಗೆದುಕೊಂಡದ್ದನ್ನು ದೇವರ ಕಡೆಯವರೇ ಬೇಡ ಅನ್ನಬೇಕು. ನೀವೊಂದು ಮಾತು ಆಡಿದರೆ ಅರಸರು ಕೇಳುತ್ತಾರೆ” ಎಂದು ಬೇಡಿಕೊಂಡಳು. ಪಂಡಿತರು ಅರ್ಧ ಎದ್ದ ಗೋಪುರವನ್ನು ನೋಡಿ, ಕಲಶವೊಂದು ಏರಲಿ, ಆಮೇಲೆ ಹೇಳುತ್ತೇನೆ ಎಂದರು. ಇತ್ತ ಚಪ್ಪರದಲ್ಲಿ ಮೊದಲು ಹಸುಗೂಸುಗಳು ಹೋದವು, ಆಮೇಲೆ ಅವುಗಳ ತಾಯಂದಿರು. ಮುಂದಿನದನ್ನು ಬರೆಯುವುದಕ್ಕೆ ನನಗೆ ಕೈ ಬರುವುದಿಲ್ಲ.

ಮೂರನೆಯ ಯುಗಾದಿಗೆ ಕಾಚವ್ವೆಯ ಹಿಂದೆ ನಡೆದು ಬಂದವರು ಹತ್ತೊಂಬತ್ತು ಜನ. ಬಂಡೆಯ ಅಂಚಿನಲ್ಲಿ ನಿಂತು, ಗರ್ಭಗುಡಿಯ ಕಡೆಗೆ ತಿರುಗಿ, “ಅವರು ಕೇಳಲಿಲ್ಲ, ನೀನಾದರೂ ಕೇಳಪ್ಪ” ಎಂದಳು. ಅಳೆಯುವವನು ಕೊಳಗವೆತ್ತಿ ‘ಲಾಭ’ ಎಂದು ದೇವರ ರಾಶಿಗೆ ಸುರಿದ ಆ ಕ್ಷಣದಲ್ಲಿಯೇ, ದೇವರ ಪಾಲಿಗೆ ಸಲ್ಲಬೇಕಾಗಿದ್ದ ಭತ್ತವೆಲ್ಲವೂ ಕಾಳುಕಾಳಾಗಿ ಕಲ್ಲಾಗಿ, ಗರ್ಭಗುಡಿಯ ಕದಗಳು ತಾವಾಗಿಯೇ ಮುಚ್ಚಿಕೊಂಡು, ಒಳಗಿನಿಂದ ಅಶರೀರವಾಣಿಯೊಂದು ಹೀಗೆಂದಿತು:

“ಹಸಿದವರ ಬಾಯಿಂದ ಕಿತ್ತು ನನಗಿಟ್ಟ ತುತ್ತು ನನಗೆ ಕಲ್ಲು. ಈ ನಾಡಿನಲ್ಲಿ ಹಸಿದು ಮಲಗಿದವನು ಒಬ್ಬನೂ ಇಲ್ಲವೆಂದು ನಿಜವಾಗಿ ಹೇಳಬಲ್ಲವನು ಬರುವವರೆಗೆ ನಾನು ನಿಮಗೆ ಮುಖ ತೋರಿಸುವುದಿಲ್ಲ.”

ಅರಸನು ಮಿಕ್ಕ ಭತ್ತವನ್ನೆಲ್ಲ ಅಂದೇ ಚಪ್ಪರಕ್ಕೆ ಹೊರಿಸಿ, ಕಾಚವ್ವೆಯ ಪಾದಕ್ಕೆ ಬಿದ್ದನು. ಆಕೆ ಅವನನ್ನು ಬೈಯಲಿಲ್ಲ. ಮುನ್ನೂರು ಜನಕ್ಕಾಗುವಷ್ಟು ಗಂಜಿ ಕಾಯಿಸಿದಳು. ಹತ್ತೊಂಬತ್ತು ಜನ ಉಂಡೆದ್ದರು. ಆಮೇಲೆ ಆಕೆ ಸೌಟು ಹಿಡಿದುಕೊಂಡೇ ಉಳಿದವರ ಹೆಸರುಗಳನ್ನು ಒಂದೊಂದಾಗಿ ಕೂಗಿ ಕರೆದಳು. ಗಂಜಿ ಆರಿಹೋಯಿತು, ಯಾರೂ ಬರಲಿಲ್ಲ. ಕಡೆಯ ಹೆಸರು ಕರೆದು ಮುಗಿಸಿದಲ್ಲಿಯೇ ಆಕೆ ಶಿವೈಕ್ಯಳಾದಳೆಂದು ಹಿರಿಯರು ಹೇಳುವರು.

ಕಲ್ಲಾದ ಆ ರಾಶಿಯನ್ನು ಭಕ್ತಾದಿಗಳು ಇಂದಿಗೂ ಗುಡಿಯ ಮುಂದೆ ಕಾಣಬಹುದು. ಮುಟ್ಟಿದರೆ ಒಂದೊಂದು ಭತ್ತದ ಕಾಳಿನ ಆಕಾರವೂ ಬೆರಳಿಗೆ ತಿಳಿಯುತ್ತದೆ. ಪ್ರತಿವರ್ಷ ಯುಗಾದಿಯಂದು ಅರ್ಚಕರು ಮುಚ್ಚಿದ ಕದದ ಮುಂದೆ ನಿಂತು, ಹಸಿದವರು ಒಬ್ಬರೂ ಇಲ್ಲವೆಂದು ಆಣೆಯಿಟ್ಟು ಹೇಳಬಲ್ಲವರಿದ್ದರೆ ಮುಂದೆ ಬನ್ನಿರಿ ಎಂದು ಮೂರು ಸಲ ಕೇಳುವರು. ಆಳುವವರೂ ಬಂದಿದ್ದಾರೆ, ಸ್ವಾಮಿಗಳೂ ಬಂದಿದ್ದಾರೆ, ಎಲ್ಲರೂ ನೆಲ ನೋಡುತ್ತಾರೆ. ಒಂದು ವರ್ಷ ದೊಡ್ಡ ಅಧಿಕಾರಿಯೊಬ್ಬರು ಎರಡು ಹೆಜ್ಜೆ ಮುಂದೆ ಬಂದರು, ಸ್ವಲ್ಪ ಹೊತ್ತು ನಿಂತರು, ಹಿಂದಕ್ಕೆ ಹೋದರು. ನಮ್ಮ ತಂದೆಯವರು ಇಲ್ಲಿ ಐವತ್ತು ವರ್ಷ ಪೂಜೆ ಮಾಡಿದರು, ನಾನು ಪೂಜೆಗೆ ನಿಂತು ಇದು ನಲವತ್ತೊಂದನೆಯ ವರ್ಷ. ಒಳಗಿನ ಲಿಂಗ ಹೇಗಿದೆಯೆಂದು ನಾವಿಬ್ಬರೂ ಕಂಡವರಲ್ಲ. ದರ್ಶನಕ್ಕೆಂದು ದೂರದಿಂದ ಬರುವ ಭಕ್ತರು ದಯಮಾಡಿ ಕದಕ್ಕೇ ಕೈಮುಗಿದು ಹಿಂದಿರುಗಬೇಕು.