ಹೆಗ್ಗಣ ಬಚ್ಚಿಟ್ಟ ಶೇಂಗಾ

ಮಡಿವಾಳಯ್ಯ ಎಂಬ ಶಿಷ್ಯ ಒಂದು ದಿನ ಮಠದ ಅಜ್ಜನವರ ಮುಂದೆ ಕುಳಿತು ಕೇಳಿದ:

“ಅಜ್ಜನವರೇ, ಮಠಕ್ಕೆ ಬಂದ ಹೊಸದರಲ್ಲಿ ಧ್ಯಾನಕ್ಕೆ ಕುಳಿತರೆ ಮನಸ್ಸು ತಾನಾಗಿ ನಿಲ್ಲುತ್ತಿತ್ತು. ಹನ್ನೊಂದು ವರ್ಷವಾಯಿತು, ಒಂದು ದಿನವೂ ತಪ್ಪಿಸಿಲ್ಲ. ಆದರೂ ವರ್ಷ ಹೋದಂತೆ ಧ್ಯಾನ ಸೊರಗುತ್ತಿದೆ. ಬೆಳಗಾದರೆ ಭಕ್ತರು ಬರುತ್ತಾರೆ, ನನ್ನ ಪ್ರವಚನವೇ ಬೇಕೆನ್ನುತ್ತಾರೆ. ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಕುಳಿತರೆ ಬರೀ ತೂಕಡಿಕೆ. ಹೀಗೇ ಆದರೆ ನಾನು ಮನೆ ಬಿಟ್ಟು ಬಂದದ್ದೇ ವ್ಯರ್ಥ. ಈ ಜನರೇ ನನ್ನ ಧ್ಯಾನವನ್ನು ಕದಿಯುತ್ತಿದ್ದಾರೆ. ಇವರನ್ನು ದೂರವಿಡಲೇ?”

“ಕದಿಯುವವರ ಮಾತು ಬಂತೆಂದರೆ ನನಗೆ ಒಂದು ಹೆಗ್ಗಣದ ನೆನಪಾಗುತ್ತದೆ, ಕೇಳು,” ಎಂದು ಅಜ್ಜನವರು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಅವನ ಹೆಂಡತಿ ಮದುವೆಯಾಗಿ ಬರುವಾಗ ತವರಿನವರು ಉಡಿ ತುಂಬಿ ಕಳಿಸಿದ್ದರು. ಉಳಿದವರು ಅಕ್ಕಿ, ಕೊಬ್ಬರಿ ಹಾಕಿದರೆ ಅವಳ ತಾಯಿ ಬಿತ್ತನೆಯ ಶೇಂಗಾ ಹಾಕಿದ್ದಳು. ಒಂದೊಂದು ಕಾಯಿಯಲ್ಲಿ ಮೂರು ಕಾಳು. ಅದನ್ನೇ ಮನೆಯ ಹಿಂದಿನ ತೋಟದಲ್ಲಿ ಬಿತ್ತಿದರು. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಶೇಂಗಾ ಇರಲಿಲ್ಲ.

ಜನ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಪ್ರತಿ ಸುಗ್ಗಿಯಲ್ಲೂ ರೈತ ಮೊರ ಹಿಡಿದು ಕಾಯಿ ಆರಿಸಲು ಕೂರುತ್ತಿದ್ದ. ಮೂರು ಕಾಳಿನ ದಪ್ಪ ಕಾಯಿಯನ್ನೆಲ್ಲ ಸಂತೆಗೆ ಒಯ್ದು, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಸುರಿಯುತ್ತಿದ್ದ. ನಡುವಿನದು ಬೀಗರಿಗೆ. ಕೊನೆಗೆ ಮೊರದಲ್ಲಿ ಉಳಿದ ಸಣ್ಣದನ್ನು ಬೀಜದ ಮಡಕೆಗೆ ಹಾಕುತ್ತಿದ್ದ. ಮಣ್ಣಿಗೆ ಹಾಕುವುದಕ್ಕೆ ಇಷ್ಟು ಸಾಕು ಎನ್ನುತ್ತಿದ್ದ. ಬಹಳ ಜಾಣ.

ವರ್ಷಗಳು ಕಳೆದವು. ಮೂರು ಕಾಳಿನ ಕಾಯಿ ಅಪರೂಪವಾಯಿತು, ಎರಡು ಕಾಳಿನದೂ ಕಡಿಮೆಯಾಯಿತು. ರೈತ ಹೆಗ್ಗಣವನ್ನು ಬೈದ.

ಬೈಯುವುದಕ್ಕೆ ಕಾರಣವೂ ಇತ್ತೆನ್ನು. ತೋಟದ ಬದುವಿನಲ್ಲಿ ಒಂದು ಹೆಗ್ಗಣವಿತ್ತು. ಅಬ್ಬಬ್ಬಾ, ಅದರ ಕೈಚಳಕ ಏನು ಹೇಳಲಿ. ಕಾಯಿ ಬಲಿತದ್ದು ರೈತನಿಗಿಂತ ಮೊದಲು ಅದಕ್ಕೆ ಗೊತ್ತಾಗುತ್ತಿತ್ತು. ಗಿಡ ಅಲುಗದಂತೆ ಬುಡ ಕೆದರಿ ದಪ್ಪ ಕಾಯಿಯನ್ನೇ ಬಿಡಿಸಿಕೊಂಡು ಹೋಗುತ್ತಿತ್ತು. ರೈತನ ಎಲೆಅಡಿಕೆ ಚೀಲ, ಹೆಂಡತಿಯ ಸಾಬೂನು, ಅವೂ ಅದರ ಪಾಲು. ಬಿಲದ ಬಾಯಿಗೆ ಜಾಲಿಮುಳ್ಳು ತುರುಕಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯಿತು. ನೀರು ಬಿಟ್ಟರೆ ನೀರೆಲ್ಲ ಬೇರೆ ಕವಲಿನಲ್ಲಿ ಇಳಿದು ಹೋಯಿತು. ಬೋನಿಟ್ಟರೆ ಒಳಗಿನ ಕೊಬ್ಬರಿ ಮಾಯವಾಯಿತು, ಬೋನಿನ ಬಾಗಿಲು ತೆರೆದೇ ಇತ್ತು. ನಿನಗೂ ನನಗೂ ಅಷ್ಟು ಬುದ್ಧಿ ಇಲ್ಲ, ಮಡಿವಾಳಯ್ಯ.

ಒಂದು ವರ್ಷ ಬಿತ್ತನೆ ಹತ್ತಿರ ಬಂತು. ಮಡಕೆಯ ಬಾಯಿ ಬಿಚ್ಚಿದರೆ ಬರೀ ಜೊಳ್ಳು. ಹೆಂಡತಿ ಒಂದೊಂದನ್ನೇ ಒಡೆದು ನೋಡಿದಳು. ಬಿತ್ತುವಂಥ ಹತ್ತು ಕಾಳೂ ಸಿಗಲಿಲ್ಲ. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು, ತವರಿನಲ್ಲೂ ಆ ಬೀಜ ಉಳಿದಿರಲಿಲ್ಲ. ಅವಳು ಮಡಕೆಯ ಮುಂದೆ ಕುಳಿತು ಅತ್ತಳು.

ಅವಳ ಅಳು ಕೇಳಿ ರೈತನಿಗೆ ಸಿಟ್ಟು ನೆತ್ತಿಗೇರಿತು. ಹೆಗ್ಗಣವನ್ನು ಕೊಂದೇ ತೀರುತ್ತೇನೆಂದು ಗುದ್ದಲಿ ಹಿಡಿದು ಬಿಲ ಅಗೆದ. ಹೆಂಡತಿ ಮಣ್ಣು ಎಳೆದಳು. ಎದೆಮಟ್ಟ ಅಗೆದ ಮೇಲೆ ಹೆಗ್ಗಣದ ಉಗ್ರಾಣ ಸಿಕ್ಕಿತು. ಮೊದಲು ಸಾಬೂನಿನ ಚೂರು, ಅಡಿಕೆ ಚೀಲ. ಅವುಗಳ ಹಿಂದೆ ಶೇಂಗಾ. ಒದ್ದೆಯಿಲ್ಲ, ಬೂಷ್ಟಿಲ್ಲ, ಒಂದೂ ಜೊಳ್ಳಿಲ್ಲ. ಹೆಂಡತಿ ಒಂದು ಕಾಯಿ ಒಡೆದಳು. ಮೂರು ಕಾಳು. ಇನ್ನೊಂದು ಒಡೆದಳು. ಅದರಲ್ಲೂ ಮೂರು.

‘ಇದು ನನ್ನ ತಾಯಿ ಕೊಟ್ಟ ಬೀಜವೇ,’ ಎಂದಳು.

‘ನಮ್ಮದನ್ನೇ ಕದ್ದಿದೆ ನೋಡು ಈ ಕಳ್ಳ,’ ಎಂದ ರೈತ.

‘ಕದ್ದದ್ದಕ್ಕೇ ಉಳಿಯಿತು. ನೀವು ಒಳ್ಳೆಯದನ್ನೆಲ್ಲ ಸಂತೆಯಲ್ಲಿ ತೋರಿಸಿ ಬಂದಿರಿ. ಅದು ಒಳ್ಳೆಯದನ್ನು ನಾಳೆಗೆ ಇಟ್ಟುಕೊಂಡಿತು.’

ರೈತ ಗುದ್ದಲಿ ಕೆಳಗಿಟ್ಟ. ಬಿಲ ಅಗೆದವರು ಒಂದು ಹಿಡಿಯಷ್ಟನ್ನು ಅಲ್ಲೇ ಬಿಟ್ಟು ಬರುವುದು ಆ ಕಡೆಯ ವಾಡಿಕೆ. ಅವನು ಅರ್ಧ ಬಿಟ್ಟ. ಮಣ್ಣು ಮುಚ್ಚಿ ಬಿಲಕ್ಕೆ ಕೈಮುಗಿದ. ನೋಡಿದವರು ನಕ್ಕರು. ನಾನಿದ್ದರೆ ನಾನೂ ಕೈಮುಗಿಯುತ್ತಿದ್ದೆ. ಹೆಗ್ಗಣ ಮಾತ್ರ ಇದಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ, ಮಾರನೆಯ ದಿನವೇ ಅವನ ಒಂದು ಚಪ್ಪಲಿ ಎಳೆದುಕೊಂಡು ಹೋಯಿತು. ಆ ವರ್ಷದ ಸುಗ್ಗಿಯಲ್ಲಿ ರೈತ ಮೊದಲು ಬೀಜದ ಮಡಕೆ ತುಂಬಿಸಿದ. ಉಳಿದದ್ದು ಸಂತೆಗೆ ಹೋಯಿತು.

ಅಜ್ಜನವರು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಇನ್ನೂ ತನ್ನ ಪ್ರಶ್ನೆಯದೇ ಚಿಂತೆ.

“ಹಾಗಾದರೆ ಭಕ್ತರನ್ನು ಬರಬೇಡಿ ಎನ್ನುವುದು ಬೇಡವೇ?” ಎಂದ.

“ಅವರು ಬರಲಿ ಬಿಡು, ಇಷ್ಟು ವರ್ಷದ ನಿನ್ನ ಬೆಳಗುಗಳನ್ನು ಯಾರ ಮುಂದೆ ಸುರಿದು ಬಂದೆ, ಅದನ್ನು ಹೇಳು.”

ಮರುದಿನ ಭಕ್ತರು ಬರುವ ಮೊದಲೇ ಮಡಿವಾಳಯ್ಯ ಧ್ಯಾನಕ್ಕೆ ಕುಳಿತ.