ಮುಳ್ಳಿನ ಕಡಿವಾಣ

“ಗುರುಗಳೇ, ಕೆಲವರು ಒಪ್ಪೊತ್ತು ಉಣ್ಣುತ್ತಾರೆ. ಕೆಲವರು ಬರಿ ನೆಲದ ಮೇಲೆ ಮಲಗುತ್ತಾರೆ. ಇವೆಲ್ಲಕ್ಕಿಂತ ಕಠಿಣವಾದ ನಿಯಮ ಯಾವುದು? ಅದನ್ನು ನನಗೆ ಕೊಡಿ” ಎಂದು ಶಿಷ್ಯನೊಬ್ಬ ಕೇಳಿದ. ಉಳಿದ ಶಿಷ್ಯರೆಲ್ಲ ಬಂದು ಕುಳಿತ ಮೇಲೆಯೇ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಲ್ಲಿ ಒಂದು ಹೆಣ್ಣುಕುದುರೆ ಇತ್ತು. ನಡೆ ಎಂದರೆ ನಡೆಯುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಇದರಿಂದ ಅವನಿಗೆ ಸಂತೋಷವಿತ್ತು, ಹೆಮ್ಮೆ ಇರಲಿಲ್ಲ. ಘಟ್ಟ ದಾಟುವ ವರ್ತಕರು ಆ ವರ್ಷ ತಮಗೊಬ್ಬ ಮುಂದಾಳನ್ನು ಆರಿಸುವವರಿದ್ದರು. ಮುಂದಾಳಿನ ಕುದುರೆ ಎಲ್ಲರಿಗಿಂತ ಮುಂದೆ ಹೋಗುತ್ತದೆ. ಆ ಜಾಗಕ್ಕಾಗಿ ಅವನು ಬಹುಕಾಲದಿಂದ ಕಾದಿದ್ದ.

ಅವನು ಕಡಿವಾಣ ಮಾಡುವ ಕಮ್ಮಾರನ ಬಳಿಗೆ ಹೋದ. ಕಮ್ಮಾರ ತನ್ನಲ್ಲಿದ್ದುದನ್ನೆಲ್ಲ ಮುಂದಿಟ್ಟು ವಿವರಿಸಿದ. ನೇರ ಸರಳಿನದು ಮಾತು ಕೇಳುವ ಕುದುರೆಗೆ. ನಡುವೆ ಕೀಲಿರುವುದು ಸರಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಕುದುರೆಗೆ. ಎರಡೂ ಬದಿಗೆ ಉದ್ದ ತೋಳಿರುವುದು ಓಡಿಹೋಗುವ ಕುದುರೆಗೆ. ಲಗಾಮನ್ನು ಬೆರಳಲ್ಲಿ ಎಳೆದರೂ ಅದರ ದವಡೆಗೆ ಮೈಬಲವೆಲ್ಲ ಹಾಕಿ ಎಳೆದಂತಾಗುತ್ತದೆ. ಕೊನೆಯದರ ಒಳಗೆ ಮುಳ್ಳುಗಳಿದ್ದವು. ಅದು ಆಳನ್ನು ಕೆಡವಿ ತುಳಿದ ಕುದುರೆಗೆ.

“ನಿಮ್ಮದು ಏನು ಮಾಡುತ್ತದೆ, ಶೆಟ್ಟರೇ?” ಎಂದು ಕಮ್ಮಾರ ಕೇಳಿದ.

“ಹೇಳಿದ್ದನ್ನು ಮಾಡುತ್ತದೆ.”

“ಹಾಗಾದರೆ ನೇರ ಸರಳು ಸಾಕು.”

“ಸಾಕು ಎನ್ನುವುದನ್ನು ಕೊಳ್ಳಲು ನಾನು ಇಷ್ಟು ದೂರ ಬಂದಿಲ್ಲ” ಎಂದ ವರ್ತಕ. ಮುಳ್ಳಿನದನ್ನು ಕೊಂಡ.

ಆರಿಸುವ ದಿನ ಎಲ್ಲರ ಎದುರಿಗೆ ಲಗಾಮು ಎಳೆದ. ಕುದುರೆ ಹಿಂಗಾಲಿನ ಮೇಲೆ ಎದ್ದು ನಿಂತಿತು. ಅದು ಹಿಂದೆಂದೂ ಹಾಗೆ ನಿಂತಿರಲಿಲ್ಲ. ಬಾಯಿಂದ ರಕ್ತ ಬಂತು. ಇಂಥ ಕುದುರೆಯನ್ನು ಹತೋಟಿಯಲ್ಲಿಟ್ಟವನು ನಮ್ಮನ್ನೂ ಇಡಬಲ್ಲ ಎಂದು ಹಿರಿಯರು ತಲೆದೂಗಿದರು. ಅವನನ್ನೇ ಮುಂದಾಳು ಮಾಡಿದರು. ವರ್ತಕನ ಎದೆ ಉಬ್ಬಿತು.

ಘಟ್ಟದ ದಾರಿ ಕಿರಿದು. ಮೊದಲ ತಿರುವಿನಲ್ಲಿ ಕುದುರೆಯನ್ನು ನಿಲ್ಲಿಸಲು ಅವನು ಲಗಾಮು ಎಳೆದ. ಅದು ನೋವಿಗೆ ಹಿಂದೆ ಸರಿಯಿತು. ಸರಿಯಿತೆಂದು ಇನ್ನೂ ಎಳೆದ, ಇನ್ನೂ ಸರಿಯಿತು. ಹಿಂದಿದ್ದ ಹೇರೆತ್ತು ಬೆದರಿತು. ಅದರ ಬೆನ್ನಿನ ಹೇರು ಕಣಿವೆಗೆ ಬಿತ್ತು. ಜತೆಯ ವರ್ತಕರು ಅವನನ್ನು ಇಳಿಸಿ, ಕುದುರೆಯ ಬಾಯಿಂದ ಕಡಿವಾಣ ತೆಗೆದು ಅವನ ಕೈಗೆ ಕೊಟ್ಟರು. ಕುದುರೆ ಸುಮ್ಮನೆ ನಿಂತಿತು. ಆದರೆ ಅವನು ಮತ್ತೆ ಹತ್ತಲು ಬಂದಾಗ ಹತ್ತಗೊಡಲಿಲ್ಲ. ಅದನ್ನು ಸಾಲಿನ ಕೊನೆಗೆ ಕಳಿಸಿದರು. ಅಲ್ಲಿ ಅದು ಯಾರೂ ಹಿಡಿಯದಿದ್ದರೂ ಎತ್ತುಗಳ ಹಿಂದೆ ನಡೆದು ಬಂತು.

ಮುಂದಾಳು ಮುಂದೆಯೇ ಹೋಗಬೇಕಲ್ಲ. ಅವನು ನಡೆದೇ ಹೋದ. ಕಡಿವಾಣವನ್ನು ಮುಳ್ಳುಗಳು ಕಾಣುವಂತೆ ಹೆಗಲ ಮೇಲೆ ಹಾಕಿಕೊಂಡ. ಘಟ್ಟದ ಕೆಳಗಿನ ಊರಿನವರು ಅದನ್ನು ನೋಡಿ ಬೆರಗಾದರು. ಇದನ್ನು ತೊಡಿಸಬೇಕಾದಂಥ ಕುದುರೆ ಎಲ್ಲಿ ಎಂದು ಕೇಳಿದರು.

“ಹಿಂದೆ ಬರುತ್ತಿದೆ” ಎಂದ ವರ್ತಕ, ತಲೆಯೆತ್ತಿ. ಅವನ ಕಾಲಲ್ಲಿ ಬೊಕ್ಕೆ ಎದ್ದಿದ್ದವು.

ಶಿಷ್ಯರು ನಕ್ಕರು. ಪ್ರಶ್ನೆ ಕೇಳಿದವನು ಎಲ್ಲರಿಗಿಂತ ಹೆಚ್ಚು ನಕ್ಕ. ಆಮೇಲೆ, ತಾನು ಯಾವ ನಿಯಮ ಹಿಡಿಯಬೇಕೆಂಬುದನ್ನು ಗುರುಗಳು ಹೇಳಲೇ ಇಲ್ಲವೆಂದು ನೆನಪಿಸಿದ.

ಗುರುಗಳು ಹೇಳಿದರು: “ಯಾವುದಾದರೂ ಹಿಡಿ, ಹಿಡಿದದ್ದು ನನಗೂ ಗೊತ್ತಾಗದಿರಲಿ.”