ಹಿತ್ತಾಳೆ ಬಾಗಿಲ ಹಿಂದಿನ ರೌಟರ್

ಕಪಿಲೆಯ ದಡದ ಆ ಆಶ್ರಮದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ವೈಫೈ ಏನೋ ಇತ್ತು, ಆದರೆ ಅದು ಮನಸ್ಸು ಬಂದಾಗ ಬರುತ್ತಿತ್ತು, ಬೇಡವೆನಿಸಿದಾಗ ಹೋಗುತ್ತಿತ್ತು.

ಪಂಚಾಕ್ಷರಿ ಅಲ್ಲಿನ ಶಿಷ್ಯ. ಮೂಲ ಗುರುಗಳ ಗದ್ದುಗೆಯ ಪೂಜೆ ಅವನದು, ಗುಡಿಯ ಬೀಗದ ಕೈ ಅವನ ಸೊಂಟದಲ್ಲಿ. ಬೆಳಗಿನ ಪೂಜೆಗೆ ತೆಗೆದ ಬಾಗಿಲನ್ನು ಮಂಗಳಾರತಿ ಮುಗಿದೊಡನೆ ಮುಚ್ಚಬೇಕು. ಮತ್ತೆ ತೆಗೆಯುವುದು ಸಂಜೆಗೇ. ನಡುವೆ ಯಾರು ಬಂದು ಬೇಡಿಕೊಂಡರೂ ಅವನು ಜಗ್ಗುತ್ತಿರಲಿಲ್ಲ.

ಹೋದ ವರ್ಷ ಅವನ ತಾಯಿಯೇ ಬಂದಿದ್ದಳು. ಉರಿಬಿಸಿಲಲ್ಲಿ ನಿಂತು, ಒಂದು ಸಲ ತೆಗಿಯಪ್ಪ, ಕಣ್ತುಂಬ ನೋಡಿ ಹೋಗ್ತೀನಿ ಅಂದಳು. ಸಂಜೆವರೆಗೆ ಕಾಯಬೇಕು ಅಂದ ಮಗ. ಊರಿಗಿದ್ದ ಒಂದೇ ಬಸ್ಸು ಹೊರಡುವ ಹೊತ್ತು. ಆಕೆ ಮುಚ್ಚಿದ ಬಾಗಿಲಿಗೇ ಕೈಮುಗಿದು ಹೊರಟುಹೋದಳು.

ರೌಟರ್ ಬಂದ ದಿನ ಅದಕ್ಕೆ ವಿಭೂತಿ ಬಳಿದು, ಹೂ ಮುಡಿಸಿ, ಗುಡಿಯೊಳಗಿನ ಗೂಡಿನಲ್ಲಿ ಕೂರಿಸಿದವನೂ ಇವನೇ. ಹೊರಗಿಟ್ಟರೆ ಕೋತಿಗಳು ವೈರು ಕೀಳುತ್ತವೆ. ಅಲ್ಲದೆ, ಜೋಪಾನ ಮಾಡಬೇಕಾದದ್ದನ್ನೆಲ್ಲ ಗದ್ದುಗೆಯ ಬಳಿ ಇಡುವುದು ಅಲ್ಲಿನ ರೂಢಿ. ಪಾಪ, ರೌಟರಿಗೆ ಇಷ್ಟು ಮರ್ಯಾದೆ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಆ ಮಧ್ಯಾಹ್ನ ಪಂಚಾಕ್ಷರಿ ಗುಡಿಯ ಎದುರಿನ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ. ಪಟ್ಟಣದ ಆಸ್ಪತ್ರೆಯಲ್ಲಿ ತಾಯಿಗೆ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮೊದಲು ಮಗನನ್ನು ನೋಡಬೇಕು ಅಂದಿದ್ದಳಂತೆ. ಅವನ ಅಕ್ಕ ರಾಜಮ್ಮಣ್ಣಿ ಅಲ್ಲಿಂದ ವಿಡಿಯೊ ಕರೆ ಮಾಡಿದ್ದಳು.

ತಾಯಿಯ ಮುಖ ಕಾಣಿಸಿತು. ತುಟಿ ಅಲ್ಲಾಡಿತು. ಮಾತು ಕೇಳಿಸುವ ಮೊದಲೇ ಕರೆ ಕಡಿದುಹೋಯಿತು.

ಅವನು ಓಡಿಹೋಗಿ ಹೊರಗಿನ ಬೋರ್ಡಿನಲ್ಲಿ ರೌಟರಿನ ಸ್ವಿಚ್ ಆರಿಸಿ ಹಾಕಿದ. ಕಂಬದಿಂದ ಬರುವ ವೈರನ್ನು ಉದ್ದಕ್ಕೂ ನೋಡಿಕೊಂಡು ಬಂದ. ಫೋನನ್ನು ಆರಿಸಿ ಹಚ್ಚಿದ. ಇವರಿಂದಲೇ ಹಾಳಾಗುತ್ತಿದೆ ಎಂದು ಅಡಿಗೆಮನೆಯವರನ್ನು ಗದರಿ ಅವರ ಫೋನುಗಳನ್ನೆಲ್ಲ ಬಂದ್ ಮಾಡಿಸಿದ.

ಮತ್ತೆ ಕರೆ ಬಂತು. ಅಕ್ಕನ ದನಿ ತುಂಡುತುಂಡಾಗಿ ಕೇಳಿಸಿತು.

"ಸ್ಟ್ರೆಚರ್ ತಂದ್ರು ಕಣೋ. ಒಂಚೂರು ತಡೀರಿ ಅಂತ ಹೇಳಿದೀನಿ. ಅಮ್ಮ ನಿನ್ನೇ..."

ಅಷ್ಟೇ. ಪರದೆಯ ಮೇಲೆ ತಾಯಿಯ ಚಿತ್ರ ಹಾಗೇ ನಿಂತುಬಿಟ್ಟಿತು. ನಡುವೆ ಒಂದು ಚಕ್ರ ತಿರುಗತೊಡಗಿತು. ಅವನಿಗೆ ಅಳು ಉಕ್ಕಿ ಬಂತು.

ಆಶ್ರಮದ ಈಗಿನ ಗುರುಗಳು ಹೊಳೆಯಿಂದ ಒದ್ದೆ ಪಂಚೆಯಲ್ಲೇ ಬಂದರು. ಏನಾಯಿತೆಂದು ಕೇಳಿದರು. ಅವನು ಎಲ್ಲ ಹೇಳಿದ.

"ಯಾವಾಗ್ಲೂ ಹೀಗೇ ಬುದ್ಧಿ, ಈ ದರಿದ್ರದ್ದು."

"ಯಾವಾಗ್ಲೂನಾ?"

ನಿನ್ನೆ ಮಧ್ಯಾಹ್ನ ಕೈಕೊಟ್ಟಿತು, ಮೊನ್ನೆ ಊಟದ ಹೊತ್ತಿಗೆ ಕೈಕೊಟ್ಟಿತು, ಕಂಪನಿಯವನು ಬಂದರೆ ಮಾತ್ರ ಅವನೆದುರು ಸಾಧುವಿನಂತೆ ಓಡಿತು, ಅವನು ನಕ್ಕು ಹೋದ ಎಂದು ಪಂಚಾಕ್ಷರಿ ಒಂದೇ ಉಸಿರಿಗೆ ದೂರಿದ.

"ಕೆಟ್ಟ ಹೊತ್ತು ಗೊತ್ತಾಯ್ತಪ್ಪ. ಚೆನ್ನಾಗಿದ್ದ ಹೊತ್ತು ಹೇಳು."

"ಈಗ ಅದನ್ನೆಲ್ಲ ಯೋಚ್ನೆ ಮಾಡೋಕೆ ಟೈಮಿಲ್ಲ ಬುದ್ಧಿ."

"ಕಂಪನಿಯವನು ಬಂದಿದ್ದು ಯಾವಾಗ?"

"ಬೆಳಗ್ಗೆ. ಪೂಜೆ ನಡೀತಿತ್ತು."

"ಮತ್ತೆ ಯಾವಾಗ ಚೆನ್ನಾಗಿರ್ತದೆ?"

"ಸಂಜೆ. ಆರತಿ ಹೊತ್ತಲ್ಲಿ..."



ಗುರುಗಳು ಜಗಲಿ ಇಳಿದು ಗುಡಿಯ ಬಾಗಿಲ ಬಳಿ ಹೋದರು. ಮೇಲಿಂದ ಕೆಳಗಿನವರೆಗೆ ಹಿತ್ತಾಳೆಯ ದಪ್ಪ ತಗಡು ಹೊದಿಸಿದ ಬಾಗಿಲು. ಬೆರಳಿನ ಗೆಣ್ಣಿನಿಂದ ಅದನ್ನು ಬಡಿದರು.

ಪಂಚಾಕ್ಷರಿಗೆ ಅರ್ಥವಾಯಿತು. ಸುತ್ತ ಕಲ್ಲಿನ ಗೋಡೆ, ಎದುರಿಗೆ ಹಿತ್ತಾಳೆ, ಒಳಗೆ ರೌಟರ್. ಬಾಗಿಲು ತೆಗೆದಿದ್ದಾಗ ಬರುತ್ತಿತ್ತು, ಮುಚ್ಚಿದಾಗ ಸಂದಿಯಿಂದ ಸೋರಿದಷ್ಟೇ. ಕೆಟ್ಟದ್ದು ಏನೂ ಇರಲಿಲ್ಲ.

ಅವನು ಬಾಗಿಲಿಗೆ ಧಾವಿಸಿದ. ಕೈ ಸೊಂಟದ ಬೀಗದ ಕೈಗೆ ಹೋಯಿತು. ಅಲ್ಲೇ ನಿಂತಿತು.

ನಡುಮಧ್ಯಾಹ್ನ. ಸಂಜೆಗೆ ಇನ್ನೂ ಎಷ್ಟೋ ಹೊತ್ತಿತ್ತು. ಅವನು ಗುರುಗಳ ಮುಖ ನೋಡಿದ. ತಾವು ಅಪ್ಪಣೆ ಕೊಡಿ ಎಂದು ಬೇಡುವಂತೆ ನೋಡಿದ.

"ಎಷ್ಟು ಜನರನ್ನ ಇದೇ ಬಾಗಿಲಿಂದ ವಾಪಸ್ ಕಳಿಸಿದೀನಿ ಬುದ್ಧಿ. ಈಗ ನನಗೆ ಬೇಕು ಅಂತ ತೆಗೆದ್ರೆ ಅವರಿಗೆಲ್ಲ ಏನು ಹೇಳ್ಲಿ?"

ಗುರುಗಳು ಅವನ ಕೈಯಿಂದ ಫೋನು ತೆಗೆದುಕೊಂಡು ಅವನ ಕಡೆಗೇ ತಿರುಗಿಸಿ ಹಿಡಿದರು. ಚಕ್ರ ಇನ್ನೂ ತಿರುಗುತ್ತಿತ್ತು. ಅದರ ಹಿಂದೆ ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ತಾಯಿಯ ಕೈಮುಗಿದ ಚಿತ್ರ ಅಲುಗದೆ ನಿಂತಿತ್ತು.

"ಹೋದ ವರ್ಷ ಬಂದವಳು ಇನ್ನೂ ಹೊರಗೇ ನಿಂತಿದ್ದಾಳೆ. ಬಾಗಿಲು ತೆಗಿ."